ತುರ್ವಿಹಾಳದ ಚಂದ್ರ

ಗುರುವಾರ ಸಂಜೆ ನಮ್ಮ ಪಕ್ಕದ ಮನೆಯವರು ಊದು ಹಾಕುತ್ತಾರೆ. ಸಿಂಧನೂರಿನ ಈ ಓಣಿಯಲ್ಲಿ ಮನೆಗಳು ಎಷ್ಟು ಒತ್ತಾಗಿವೆಯೆಂದರೆ ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ; ಇನ್ನು ಊದಿನ ಹೊಗೆ ಯಾರ ಮಾತು ಕೇಳುತ್ತದೆ? ಕಿಟಕಿಯ ಜಾಲರಿ ದಾಟಿ ಬಂದು ನನ್ನ ಹೊಲಿಗೆ ಮಷೀನಿನ ಮೇಲೆ, ಅರ್ಧ ಹೊಲಿದಿಟ್ಟ ಜಂಪರುಗಳ ಮೇಲೆ ಕೂತುಬಿಡುತ್ತದೆ. ಆಗ ನಾನು ಮಷೀನು ತುಳಿಯುವುದನ್ನು ನಿಲ್ಲಿಸುತ್ತೇನೆ. ಕಾಲು ನೋಯುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ನೋಯುವುದೂ ನಿಜ. ಆದರೆ ಆ ಹೊಗೆಯ ಬೆನ್ನ ಹಿಂದೆಯೇ ಕೆಂಡಕ್ಕೆ ಬಿದ್ದ ಉಪ್ಪು ಚಟಪಟ ಸಿಡಿಯುವ ಸದ್ದು ಬರುತ್ತದೆ, ಅದರ ಹಿಂದೆ ಬಿಸಿ ಹಂಚಿನ ಮೇಲೆ ಬೆಲ್ಲ ಕರಗುವ ವಾಸನೆ, ಅದರ ಹಿಂದೆ ಮಸ್ಕಿಯ ನಮ್ಮ ಹಳೆಯ ಓಣಿ ತನ್ನ ನೀಲಿ ಸುಣ್ಣದ ಗೋಡೆಗಳ ಸಮೇತ ಬಂದು ನಿಲ್ಲುತ್ತದೆ. ಹೀಗೆ ಕರೆಯದೆ ಬರುವ ಊರೊಂದು ನಿಮಗೂ ಇರಬಹುದು. ಬಂದದ್ದನ್ನು ಕೂರಿಸಿ ಮಾತಾಡಿಸಲು ಮೊದಲು ಉತ್ಸಾಹವಿತ್ತು. ಈಗ ಸುಮ್ಮನೆ ನೋಡುತ್ತ ಕೂಡುತ್ತೇನೆ.

ನನ್ನ ಹೆಸರು ಹುಸೇನಮ್ಮ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣೆಯ ಮೇಲೆ ಕಾಸಗಲ ಕುಂಕುಮವಿಟ್ಟುಕೊಂಡು ಹುಸೇನಮ್ಮ, ಮೌಲಮ್ಮ, ಫಕೀರವ್ವ ಎಂದು ಕರೆಸಿಕೊಳ್ಳುವವರು ಆಗ ಓಣಿಗೊಬ್ಬರಾದರೂ ಇದ್ದರು. ಅವ್ವನಿಗೆ ನನಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅವಳು ಎದುರುಗಡೆಯ ಮಸೂತಿಯ ಮೊಹರಂ ದೇವರಿಗೆ ಹರಕೆ ಹೊತ್ತಳು: ಕೂಸು ಉಳಿದರೆ ನಿನ್ನ ಹೆಸರಿಡುತ್ತೇನೆ, ಅದು ದೊಡ್ಡದಾಗುವ ತನಕ ವರ್ಷ ವರ್ಷ ನಿನ್ನ ಫಕೀರನನ್ನಾಗಿ ಮಾಡುತ್ತೇನೆ. ನಾನು ಉಳಿದೆ. ಹೆಸರೂ ಉಳಿಯಿತು. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಮಕ್ಕಳ ಶಾಲೆಯಲ್ಲಿ ಪರ ಊರಿನಿಂದ ಬಂದವರು ನನ್ನ ಹಣೆ ನೋಡಿ, ಹೆಸರು ನೋಡಿ, ಮತ್ತೆ ಹಣೆ ನೋಡುತ್ತಾರೆ. ಮೊದಲು ಅವರಿಗೆ ಇಡೀ ಕಥೆ ಹೇಳುತ್ತಿದ್ದೆ. ಆಮೇಲೆ ಅರ್ಧ ಕಥೆ. ಈಗ "ಹರಕಿ ಹೆಸರ್ರೀ" ಎಂದಷ್ಟೇ ಹೇಳಿ ಸಹಿ ಮಾಡುತ್ತೇನೆ. ಹರಕೆ ಪೂರ್ತಿ ತೀರಲಿಲ್ಲ ಎಂಬ ಮಾತನ್ನಂತೂ ಯಾರಿಗೂ ಹೇಳಿದವಳಲ್ಲ. ಕಡೆಯ ವರ್ಷ ನನ್ನ ಕೈಗೆ ಕಟ್ಟಿದ ದಾರವನ್ನು ಯಾರೂ ಬಿಚ್ಚಲಿಲ್ಲ. ಅದೇ ಕೊರಗಿನಲ್ಲಿ ಅವ್ವ ಹೋದಳು.

ಹೋದ ಚಳಿಗಾಲದಲ್ಲಿ ಬಸಲಿಂಗ ಫೋನು ಮಾಡಿದ. ಬಸಲಿಂಗ ನಮ್ಮ ಓಣಿಯ ಹಿಟ್ಟಿನ ಗಿರಣಿಯವರ ಮಗ. ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದವನು ಈಗ ಮಸ್ಕಿಯಲ್ಲಿ ದೊಡ್ಡ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಮಾತಿನಲ್ಲೂ ಅಂಗಡಿಯ ಬೆಳಕಿದೆ. "ಅಕ್ಕಾ, ನಮ್ಮ ಓಣ್ಯಾಗ ಉತ್ಸವ ಮಾಡಾಕತ್ತೀವಿ. ಶಾಸನ ನೋಡಾಕ ಬರೋ ಮಂದಿ ಕಲ್ಲು ನೋಡಿ ಹಂಗ ಹೊಳ್ಳಿ ಹೋಗ್ತಾರ. ಅವರಿಗೆ ನಮ್ಮ ಅಲಾಯಿ ಕುಣಿತ ತೋರ್ಸೂಣು ಅಂತ. ನೀ ಬಂದು ನಿನ್ನ ಹೆಸರಿನ ಕತಿ ಹೇಳಬೇಕು" ಎಂದ. ಮೊಹರಂ ಇನ್ನೂ ಬಹಳ ದೂರ ಇದೆಯಲ್ಲೋ ಎಂದೆ. "ಮೊಹರಂ ಅಲ್ಲಕ್ಕ, ಉತ್ಸವ. ಆಯಿತವಾರ ಐತಿ. ಬಸ್ ಬುಕ್ ಆಗ್ಯಾವ. ಬಂದ ಮಂದಿಗೆ ಚಂದ್ರ ಕಾಣೂತನ ಕಾಯ್ರಿ ಅಂದ್ರ ಕಾಯ್ತಾರೇನು?" ಎಂದು ನಕ್ಕ. ನಾನೂ ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಚಂದ್ರನ ಮಾತನ್ನು ಅವನು ನನ್ನ ಮುಂದೆ ಎತ್ತಬಾರದಿತ್ತು. ಪಾಪ, ಅವನಿಗೇನು ಗೊತ್ತು!

ಮಸ್ಕಿಯಲ್ಲಿ ಆಗ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಎದುರಿನದು ಲಾಲಸಾಬ ಕಾಕಾನ ಮನೆ. ನಾನು ಬೆಳೆದದ್ದು ಯಾವ ಮನೆಯಲ್ಲಿ ಎಂದು ಯಾರಾದರೂ ಕೇಳಿದರೆ ಎದುರಿನ ಮನೆಯ ಕಡೆಗೇ ನನ್ನ ಕೈ ಹೋಗುತ್ತದೆ. ಕಾಕಾ ಹತ್ತಿ ಹಿಂಜಿ ಗಾದಿ ಹೊಲಿಯುವವನು. ವರ್ಷದಲ್ಲಿ ಹತ್ತು ದಿನ ಮಾತ್ರ ಮಸೂತಿಯ ದೇವರನ್ನು ನೋಡಿಕೊಳ್ಳುವ ಮುಜಾವರ. ಹಗಲೆಲ್ಲ ಆ ಮನೆಯಿಂದ ಹಿಂಜುವ ಬಿಲ್ಲಿನ ತಂತಿ ಟೊಂಯ್ ಟೊಂಯ್ ಎಂದು ನುಡಿಯುತ್ತಲೇ ಇರುತ್ತಿತ್ತು. ಹತ್ತಿಯ ಎಳೆ ಹಾರಿ ಹಾರಿ ಅಂಗಳದ ಪೇರಲ ಗಿಡದ ಮೇಲೆ, ಆಡುಗಳ ಕೊಂಬಿನ ಮೇಲೆ, ಒಲೆಯ ಮೇಲಿನ ಸಾರಿನಲ್ಲಿ ಕೂಡ ಬಿದ್ದಿರುತ್ತಿತ್ತು. ಕಾಕಾನ ಹೆಂಡತಿ ಬಡಿಮಾ. ಅವಳ ನಿಜವಾದ ಹೆಸರನ್ನು ನಾನು ಕೇಳಿಯೇ ಇಲ್ಲ. ಓಣಿಯ ಎಲ್ಲ ಮಕ್ಕಳಿಗೂ ಅವಳು ಬಡಿಮಾ, ದೊಡ್ಡವ್ವ. ಅವಳ ತಲೆಗೂದಲಲ್ಲಿ ಯಾವಾಗಲೂ ಹತ್ತಿ ಸಿಕ್ಕಿಕೊಂಡಿರುತ್ತಿದ್ದುದರಿಂದ ಅವಳಿಗೆ ಯಾವಾಗ ನಿಜವಾಗಿ ನರೆ ಬಂತು ಎಂಬುದು ಯಾರಿಗೂ ತಿಳಿಯಲಿಲ್ಲ. ಆ ಮನೆಗೆ ನಾನು ಹೋದರೆ ಹೊಸ ಹತ್ತಿಯ ರಾಶಿಯೊಳಗೆ ಬಿದ್ದು ಹೊರಳಾಡುತ್ತಿದ್ದೆ. ಕಾಕಾ ಬಿಲ್ಲು ಎತ್ತಿ ಹೊಡೆದೇಬಿಡುವವನಂತೆ ಕಣ್ಣು ಬಿಡುತ್ತಿದ್ದ. ಬಡಿಮಾ ಒಳಗಿನಿಂದ, "ಹೊಳ್ಳಾಡ್ಲಿ ಬಿಡ್ರೀ, ಹತ್ತಿ ಮೆತ್ತಗಾಗತೈತಿ" ಎನ್ನುತ್ತಿದ್ದಳು. ಮೂರು ಜನ ಗಂಡುಮಕ್ಕಳು, ಸೊಸೆಯಂದಿರು, ಬಂದು ಹೋಗುವ ನೆಂಟರು, ಗಾದಿಯ ಅಳತೆ ಕೊಡಲು ಬಂದು ಚಹಾ ಕುಡಿದು ಹೋಗುವ ರೈತರು, ಇಷ್ಟು ಮಂದಿ ಇದ್ದ ಮನೆ ಅದು. ಒಂದು ದಿನ ಖಾಲಿಯಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮೊಹರಂ ನಮ್ಮ ಉಳಿದ ಹಬ್ಬಗಳಂತೆ ಒಂದೇ ಕಾಲಕ್ಕೆ ಕಟ್ಟುಬಿದ್ದ ಹಬ್ಬವಲ್ಲ. ವರ್ಷ ವರ್ಷ ಸ್ವಲ್ಪ ಹಿಂದೆ ಸರಿಯುತ್ತ ಒಮ್ಮೆ ಚಳಿಯಲ್ಲಿ, ಒಮ್ಮೆ ಹಿಂಗಾರಿ ಬಿತ್ತಿಗೆಯಲ್ಲಿ, ಒಮ್ಮೆ ಮಳೆಯಲ್ಲಿ ಬರುತ್ತಿತ್ತು. ಅದು ಬಂತೆಂದು ಹೇಳುವುದು ಚಂದ್ರ. ಅಮಾವಾಸ್ಯೆ ಕಳೆದ ಸಂಜೆ ಓಣಿಯ ಗಂಡಸರೆಲ್ಲ ಮಾಳಿಗೆ ಹತ್ತಿ ಪಡುವಣದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಉಗುರು ಕತ್ತರಿಸಿ ಒಗೆದಷ್ಟು ಚಂದ್ರ ಯಾರ ಕಣ್ಣಿಗೆ ಮೊದಲು ಬಿತ್ತೋ ಅವನಿಗೆ ಬಡಿಮಾ ಸಕ್ಕರೆ ಕೊಡುತ್ತಿದ್ದಳು. ಮರುದಿನವೇ ಮಸೂತಿಯ ಮುಂದಿನ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತಿತ್ತು. ವರ್ಷವೆಲ್ಲ ನಾವು ಮೇಲೆ ಓಡಾಡಿ ಗಟ್ಟಿ ಮಾಡಿದ್ದ ಮಣ್ಣನ್ನು ಅಗೆದು ಅಗಲವಾದ ಗುಂಡಿ ತೆಗೆಯುತ್ತಿದ್ದರು. ಮನೆಗೊಂದು ಹೊರೆ ಕಟ್ಟಿಗೆ. ನಮ್ಮ ಮನೆಯದು ಜಾಲಿಯದು, ಗಿರಣಿಯವರದು ಬೇವಿನದು, ಯಾರೂ ಕೇಳುವಂತಿಲ್ಲ, ತಾವೇ ತಂದು ಹಾಕಬೇಕು. ಪೆಟ್ಟಿಗೆಯಿಂದ ಪಂಜಾಗಳು ಹೊರಗೆ ಬರುತ್ತಿದ್ದವು. ಅವೇ ನಮ್ಮ ದೇವರು: ಉದ್ದ ಕೋಲಿನ ತುದಿಗೆ ಅಂಗೈ ಚಾಚಿದ ಲೋಹದ ಕೈಗಳು. ಹುಣಸೆಹುಳಿ ಹಚ್ಚಿ ತಿಕ್ಕಿದ ಮೇಲೆ ಅವು ಮಿಂಚುವುದನ್ನು ನೋಡಿ, ದೇವರಿಗೆ ಬೇರೆ ಮೈ ಯಾಕೆ ಬೇಕು, ಕೈಯೊಂದು ಇದ್ದರೆ ಸಾಕಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಹಬ್ಬ ಹಿಡಿದ ದಿನ ಅವ್ವ ನನಗೆ ತಲೆಗೆ ಎರೆದು, ಹೊಸ ಲಂಗ ಹಾಕಿ ಎದುರು ಮನೆಗೆ ಕರೆದೊಯ್ಯುತ್ತಿದ್ದಳು. ಗಂಡು ಫಕೀರರಿಗೆ ಕಾಕಾ ದಾರ ಕಟ್ಟಿದರೆ ಹೆಣ್ಣುಮಕ್ಕಳಿಗೆ ಬಡಿಮಾ. ಕೆಂಪು ಹಸಿರು ನೂಲು ಕೂಡಿಸಿ ತೊಡೆಯ ಮೇಲೆ ಹೊಸೆದ ಆ ದಾರಕ್ಕೆ ಲಾಡಿ ಎನ್ನುತ್ತಿದ್ದೆವು. ಬಾಯಲ್ಲಿ ಏನೋ ಮಣಮಣಿಸುತ್ತ, ಊದಿನ ಹೊಗೆಯಲ್ಲಿ ಆಡಿಸಿ, ನನ್ನ ಬಲಗೈ ಮಣಿಕಟ್ಟಿಗೆ ಬಿಗಿದು ಅವಳು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು: "ಕಟ್ಟಿದಾಗಿಂದ ಬಿಚ್ಚೂತನ ನೀ ಹುಸೇನನ ಮಗಳು. ಬಿಚ್ಚಿದ ಮ್ಯಾಲೆ ನಿಮ್ಮವ್ವನ ಮಗಳು. ತಿಳೀತೇನ ಬೇಟಿ?" ತಿಳಿಯಿತು ಎಂದು ಗೋಣು ಹಾಕುತ್ತಿದ್ದೆ. ಹುಸೇನನ ಮಗಳಾಗಿರುವಷ್ಟು ದಿನ ಕಾಲಿಗೆ ಚಪ್ಪಲಿ ಇಲ್ಲ, ಮಲಗಲು ಹೊರಸು ಇಲ್ಲ, ಸಣ್ಣ ಜೋಳಿಗೆ ಹಿಡಿದು ಐದು ಮನೆ ಬೇಡಿ ಬರಬೇಕು. ನನಗೆ ಅದರಷ್ಟು ಖುಷಿಯ ಕೆಲಸ ಬೇರೆ ಇರಲಿಲ್ಲ. ಉಳಿದ ದಿನಗಳಲ್ಲಿ ಅಂಗಳಕ್ಕೂ ಬಿಟ್ಟುಕೊಳ್ಳದ ಮನೆಯ ಅಜ್ಜಿ ಕೂಡ ಆ ದಿನ ನನ್ನ ಜೋಳಿಗೆಗೆ ಜೋಳ ಹಾಕಿ ಕೈಮುಗಿಯುತ್ತಿದ್ದಳು. ಅವ್ವ ಅಷ್ಟು ದಿನ ನನ್ನ ಮೇಲೆ ಕೈ ಎತ್ತುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ದೇವರ ಮಗಳನ್ನು ಬೈಯುವುದು ಹೇಗೆ? ಅದನ್ನೇ ನೋಡಿಕೊಂಡು ನಾನು ಇದ್ದ ಬಿದ್ದ ಪುಂಡಾಟವನ್ನೆಲ್ಲ ಆ ಹತ್ತು ದಿನಕ್ಕೆ ಕೂಡಿಟ್ಟಿರುತ್ತಿದ್ದೆ.

ಸಂಜೆಯಾದರೆ ಕುಣಿಯ ಸುತ್ತ ಹಲಗೆ ಬಾರಿಸುತ್ತಿದ್ದರು. ಕುರುಬರ ಓಣಿಯವರು, ನಮ್ಮವರು, ಕಾಕಾನ ಮನೆಯವರು ಎಲ್ಲ ಸೇರಿ ಹೆಜ್ಜೆ ಹಾಕುತ್ತಿದ್ದರು. ಹಾಡುವುದು ಕನ್ನಡ, ನಡುವೆ ಕೂಗುವುದು ಹಸನ್ ಹುಸೇನರ ಹೆಸರು. ಮೈಗೆಲ್ಲ ಮಸಿ ಬಳಿದು, ತಲೆಗೆ ಉದ್ದ ಕಾಗದದ ಟೊಪ್ಪಿಗೆ ಏರಿಸಿ, ಸೊಂಟಕ್ಕೆ ಗಂಟೆ ಕಟ್ಟಿದ ವೇಷದವರು ಬಂದರೆ ನಾವು ಬಡಿಮಾನ ಸೀರೆಯ ಹಿಂದೆ ಅಡಗುತ್ತಿದ್ದೆವು. ಕೆಂಡಕ್ಕೆ ಹೆಂಗಸರು ಹಿಡಿ ಹಿಡಿ ಉಪ್ಪು ಎರಚುತ್ತಿದ್ದರು. ಒಬ್ಬೊಬ್ಬರ ಉಪ್ಪೂ ಒಂದೊಂದು ಬೇಡಿಕೆ, ಸಿಡಿದಷ್ಟೂ ಒಳ್ಳೆಯದು. ನೋಡುವವರು ಬೇರೆ, ಕುಣಿಯುವವರು ಬೇರೆ ಎಂದು ಇರಲಿಲ್ಲ. ಕಾಲು ಸೋತವರು ಕೂತು ನೋಡುತ್ತಿದ್ದರು, ಸುಧಾರಿಸಿಕೊಂಡು ಮತ್ತೆ ಎದ್ದು ಸೇರುತ್ತಿದ್ದರು. ಪರ ಊರಿನ ನೆಂಟರು ಬಂದರೂ ಅವರ ಕೈಗೆ ಮೊದಲು ಒಂದು ಕಟ್ಟಿಗೆ ಕೊಡುತ್ತಿದ್ದೆವು, ಆಮೇಲೆ ನೀರು.

ಕಡೆಯ ದಿನ ಬೆಳಿಗ್ಗೆ ಬಡಿಮಾನ ಅಡುಗೆಮನೆಯಲ್ಲಿ ಚೋಂಗೆ. ಗೋಧಿ ಹಿಟ್ಟಿನ ಉಂಡೆಯನ್ನು ಲಟ್ಟಿಸಿ, ಹೂ ಕೆತ್ತಿದ ಮರದ ಮಣೆಯ ಮೇಲೆ ಒತ್ತಿ ತೆಗೆದರೆ ಹಿಟ್ಟಿನ ಮೇಲೆ ಹೂ ಮೂಡುತ್ತದೆ. ಹಂಚಿನ ಮೇಲೆ ತುಪ್ಪ ಬಿಟ್ಟು ಬೇಯಿಸಿ, ಬೆಲ್ಲ, ಪುಟಾಣಿ ಹಿಟ್ಟು, ಗಸಗಸೆ, ಕೊಬ್ಬರಿ ಉದುರಿಸಿದರೆ ಆಯಿತು. ಬಡಿಮಾನ ಮಣೆ ಅವಳ ಅತ್ತೆಯ ಕಾಲದ್ದು. ಅದರ ನಡುವಿನ ಹೂವಿನಲ್ಲಿ ಒಂದು ಎಸಳು ಸವೆದು ಹೋಗಿತ್ತು. ಹಾಗಾಗಿ ಆ ಮನೆಯ ಪ್ರತಿ ಚೋಂಗೆಯ ಹೂವಿಗೂ ಒಂದು ಎಸಳು ಕಡಿಮೆ. ಓಣಿಯ ಹತ್ತು ಮನೆಯ ಚೋಂಗೆ ಬೆರೆಸಿ ಇಟ್ಟರೂ ನಾನು ಬಡಿಮಾನದನ್ನು ಹೆಕ್ಕಿ ತೆಗೆಯುತ್ತಿದ್ದೆ. ಮೊದಲು ಬೆಂದದ್ದು ಫಕೀರನಿಗೆ. ಆದರೆ ಅದಕ್ಕೂ ಮೊದಲು ಲಾಡಿ ಬಿಚ್ಚಬೇಕು. ಪಂಜಾಗಳು ಹೊಳೆಗೆ ಹೊರಡುವ ಮುನ್ನ ಅವುಗಳ ಎದುರು ನನ್ನನ್ನು ನಿಲ್ಲಿಸಿ, ಗಂಟು ಬಿಚ್ಚಿ, ದಾರವನ್ನು ಕೆಂಡಕ್ಕೆ ಹಾಕಿ, ಬಿಸಿ ಚೋಂಗೆಯ ತುಂಡನ್ನು ಬಡಿಮಾ ನನ್ನ ಬಾಯಿಗಿಡುತ್ತಿದ್ದಳು. ನಾಲಿಗೆ ಸುಡುತ್ತಿತ್ತು. ಪಕ್ಕದಲ್ಲಿ ನಿಂತ ಅವ್ವ ತಟ್ಟನೆ ನನ್ನನ್ನು ಎಳೆದು ಅಪ್ಪಿಕೊಳ್ಳುತ್ತಿದ್ದಳು, ಎಲ್ಲಿಂದಲೋ ತಿರುಗಿ ಬಂದವಳನ್ನು ಅಪ್ಪಿಕೊಳ್ಳುವಂತೆ. ಮನೆಗೆ ಬಂದ ಮೇಲೆ ಹತ್ತು ದಿನದ ಪುಂಡಾಟಕ್ಕೆ ಸರಿಯಾಗಿ ಎರಡು ಬಿಗಿಯುತ್ತಿದ್ದಳು.

ಹರಕೆಯ ಕಡೆಯ ವರ್ಷ ಹಬ್ಬ ಮಳೆಗಾಲದಲ್ಲಿ ಬಂತು. ಆ ಹೊತ್ತಿಗೆ ಅಪ್ಪನಿಗೆ ತುರ್ವಿಹಾಳದ ಕಡೆ ಭತ್ತದ ನಾಟಿ ಕೆಲಸ ಸಿಕ್ಕಿತ್ತು. ಕಾಲುವೆ ನೀರಿನ ಊರು, ಕೂಲಿ ಚೆನ್ನಾಗಿತ್ತು, ನಮ್ಮನ್ನೂ ಕರೆದುಕೊಂಡು ಹೊರಟ. ಇನ್ನೂ ಚಂದ್ರ ಕಾಣುವ ಮೊದಲೇ ಬಡಿಮಾ ನನ್ನ ಕೈಗೆ ಲಾಡಿ ಕಟ್ಟಿದಳು. "ಕಟ್ಟೂದು ಮುಂಚೆ ಆದ್ರ ನಡೀತೈತಿ. ಬಿಚ್ಚಾಕ ಮಾತ್ರ ಹೊತ್ತಿಗೆ ಸರಿ ಬರ್ರೆವ್ವಾ. ಇದು ಕಡೀದು" ಎಂದು ಅವ್ವನ ಕೈ ಹಿಡಿದು ಹೇಳಿದಳು. ತುರ್ವಿಹಾಳದಲ್ಲಿ ಮೋಡ. ಜನ ಮಾಳಿಗೆ ಹತ್ತಿ ಹತ್ತಿ ಇಳಿದರು, ಚಂದ್ರ ಕಾಣಲಿಲ್ಲ. ಮರುದಿನ ಸಂಜೆ ಕಂಡ. ಅಲ್ಲಿಯ ಮಸೂತಿಯವರು ಅಲ್ಲಿಂದಲೇ ದಿನ ಎಣಿಸಿದರು, ಅಪ್ಪನೂ ಅವರ ಜೊತೆಗೇ ಎಣಿಸಿದ. ಚಂದ್ರ ಒಬ್ಬನೇ ಅಲ್ಲವೆ, ಎಲ್ಲಿ ಕಂಡರೇನು ಎಂದುಕೊಂಡ. ಮಸ್ಕಿಯ ಆಕಾಶದಲ್ಲಿ ಮೋಡ ಸರಿದು, ನಮ್ಮ ಓಣಿಯವರಿಗೆ ಒಂದು ದಿನ ಮುಂಚೆಯೇ ಚಂದ್ರ ಕಂಡಿದ್ದು ನಮಗೆ ಯಾರು ಹೇಳಬೇಕು?

ತುರ್ವಿಹಾಳದ ಲೆಕ್ಕದಲ್ಲಿ ದೇವರು ಹೊಳೆಗೆ ಹೋಗುವ ದಿನ ಬೆಳಿಗ್ಗೆ ಬೇಗ ಎದ್ದು ಬಸ್ಸು ಹಿಡಿದೆವು. ಸಿಂಧನೂರಿನಲ್ಲಿ ಬಸ್ಸು ಬದಲಿಸುವಾಗ ಅವ್ವ ಕೊಬ್ಬರಿ, ಊದು, ಸಕ್ಕರೆ ಕೊಂಡಳು. ಮಸ್ಕಿಯಲ್ಲಿ ಇಳಿದು ಓಣಿಯ ತಿರುವಿಗೆ ಬಂದಾಗ ಹಲಗೆಯ ಸದ್ದು ಇರಲಿಲ್ಲ. ಅಪ್ಪ, "ಇನ್ನಾ ಹೊರಟಿಲ್ಲ, ಚಲೋ ಆತು" ಎಂದ. ತಿರುವು ದಾಟಿದರೆ ಕುಣಿಯೇ ಇಲ್ಲ. ಮಣ್ಣು ಮುಚ್ಚಿ, ಮೇಲೆ ನೀರು ಹೊಡೆದು, ಗುಡ್ಡೆ ಮಾಡಿದ್ದರು. ಹಿಂದಿನ ದಿನವೇ ಎಲ್ಲ ಮುಗಿದಿತ್ತು. ಅವ್ವ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಆ ಹಸಿ ಮಣ್ಣಿನ ಪಕ್ಕದಲ್ಲೇ ಕೂತಳು. ಬಡಿಮಾ ಓಡಿ ಬಂದಳು. "ಎಷ್ಟ ದಾರಿ ನೋಡಿದ್ನೆವ್ವಾ! ದೇವರನ್ನ ಹಿಡಿದು ನಿಲ್ಲಿಸಿದ್ವಿ, ಹೊತ್ತು ಮುಳುಗಾಕ ಬಂತು" ಎನ್ನುತ್ತ ನನ್ನ ಕೈ ಹಿಡಿದು ಗಂಟಿಗೆ ಬೆರಳು ಹಾಕಿಯೇಬಿಟ್ಟಳು. ಕಾಕಾ ತಡೆದ. ದೇವರು ಹೋದ ಮೇಲೆ ಬಿಚ್ಚುವುದು ಒಳ್ಳೆಯದಲ್ಲ, ಬರುವ ವರ್ಷ ಇರಲಿ ಎಂದ. ಬಡಿಮಾ ಬೆರಳು ಹಿಂದೆ ತೆಗೆದಳು. ನನಗೆಂದು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದ ಮೊದಲ ಚೋಂಗೆಯನ್ನೂ ಕೊಡಲಿಲ್ಲ, ಬಿಚ್ಚದೆ ಅದನ್ನು ಕೊಡುವಂತಿಲ್ಲ. ಬೇರೆ ಚೋಂಗೆ ಕೊಟ್ಟಳು. ಅದೇ ಹೂ, ಅದೇ ಇಲ್ಲದ ಎಸಳು, ಆದರೂ ನನಗೆ ಅಳು ಬಂತು. ಅಪ್ಪ ಮಾತ್ರ ಹಗಲಿನ ಬರೀ ಆಕಾಶ ನೋಡುತ್ತ ನಿಂತಿದ್ದ.

ಬರುವ ವರ್ಷ ಬರಲಿಲ್ಲ. ಬಂತು, ನಮಗೆ ಬರಲಿಲ್ಲ. ಆ ಬೇಸಿಗೆಯಲ್ಲಿ ಲಾಲಸಾಬ ಕಾಕಾ ತೀರಿಕೊಂಡ. ಗಾದಿ ಹೊಲಿಸುವವರು ಕಡಿಮೆಯಾಗಿ, ಅಂಗಡಿಯ ಸ್ಪಂಜಿನ ಗಾದಿ ಕೊಳ್ಳುವವರು ಹೆಚ್ಚಿದ್ದರು. ಮಕ್ಕಳು ಮನೆ ಮಾರಿ, ಪಾಲು ಹಂಚಿಕೊಂಡು, ಬಡಿಮಾನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದರು. ದೇವರ ಪೆಟ್ಟಿಗೆ ಬೇರೆ ಮನೆತನಕ್ಕೆ ಹೋಯಿತು. ನಾವೂ ಸಾಲಗುಂದದ ಕಡೆ ಹೊಲ ನೋಡಿಕೊಳ್ಳಲು ಹೋಗಿಬಿಟ್ಟೆವು. ನನ್ನ ಕೈಯ ದಾರ ಬಣ್ಣ ಬಿಟ್ಟು, ಎಳೆ ಎಳೆಯಾಗಿ, ಒಂದು ದಿನ ಪಾತ್ರೆ ತಿಕ್ಕುವಾಗ ತಾನೇ ಕಡಿದು ಬೂದಿಯಲ್ಲಿ ಬಿತ್ತು. ಅವ್ವ ಅದನ್ನು ತೊಳೆದು ಸೆರಗಿಗೆ ಗಂಟು ಹಾಕಿಕೊಂಡಳು. ಕಡಿದರೆ ಬಿಚ್ಚಿದಂತಲ್ಲ, ಕಟ್ಟಿದ ಕೈಯೇ ಬಿಚ್ಚಬೇಕು ಎಂಬುದು ಅವಳ ಹಟ. ಲಿಂಗಸುಗೂರಿಗೂ ಹೋಗಿ ಬಂದಳು. ಮಕ್ಕಳು ಇಟ್ಟಿದ್ದ ಸೈಕಲ್ ಅಂಗಡಿಯಲ್ಲಿ ಬೇರೆ ಯಾರೋ ಇದ್ದರು, ಹೈದರಾಬಾದಿಗೆ ಹೋದರಂತೆ ಎಂದರಂತೆ. ಆಮೇಲೆ ನನಗೆ ಜ್ವರ ಬಂದರೂ, ಮದುವೆ ತಡವಾದರೂ, ಗಂಡ ಅರ್ಧಕ್ಕೆ ಬಿಟ್ಟು ಹೋದರೂ ಅವ್ವನ ಬಾಯಲ್ಲಿ ಒಂದೇ ಮಾತು: "ನೀ ಇನ್ನಾ ದೇವರ ಕೈಯಾಗ ಅದಿ, ನನ್ನ ಕೈಗೆ ಬಂದಿಲ್ಲ." ಅಪ್ಪ ಅದನ್ನು ಕೇಳಿಸಿಕೊಂಡು ಎದ್ದು ಹೊರಗೆ ಹೋಗುತ್ತಿದ್ದ. ಆ ವರ್ಷದಿಂದ ಅಪ್ಪ ಯಾರಿಗೂ ಯಾವ ಹಬ್ಬದ ದಿನವನ್ನೂ ಹೇಳಲಿಲ್ಲ. ಇವತ್ತು ಯಾವ ವಾರ ಎಂದು ಕೇಳಿದರೂ ನಿಮ್ಮವ್ವನನ್ನು ಕೇಳು ಎನ್ನುತ್ತಿದ್ದ. ಇಬ್ಬರೂ ಈಗ ಇಲ್ಲ.

ಉತ್ಸವದ ಭಾನುವಾರ ಬೆಳಿಗ್ಗೆ ಮಸ್ಕಿಯ ಬಸ್ಸು ಹತ್ತಿದೆ. ಹೋಗುವ ಮನಸ್ಸಿರಲಿಲ್ಲ, ಬಸಲಿಂಗನಿಗೆ ಇಲ್ಲ ಎನ್ನುವ ತ್ರಾಣವೂ ಇರಲಿಲ್ಲ. ಓಣಿ ನನಗೆ ಗುರುತು ಸಿಗಲಿಲ್ಲ. ರಸ್ತೆ ಅಗಲ ಮಾಡಿ ಸಿಮೆಂಟು ಹಾಕಿದ್ದಾರೆ. ಅಲಾಯಿ ಕುಣಿ ಎಲ್ಲಿತ್ತೆಂದು ಅಂದಾಜಿನ ಮೇಲೆ ಹೇಳಬೇಕು. ಅಲ್ಲೊಂದು ಕಬ್ಬಿಣದ ತೊಟ್ಟಿಯಿಟ್ಟು, ಒಳಗೆ ಕೆಂಪು ಬಲ್ಬು ಉರಿಸಿ, ಫ್ಯಾನಿನ ಗಾಳಿಗೆ ಹಳದಿ ಬಟ್ಟೆ ಹಾರಿಸಿ ಬೆಂಕಿ ಮಾಡಿದ್ದರು. ಈಗಿನ ಮುಜಾವರರು ಪಂಜಾ ಕೊಡುವುದಿಲ್ಲ, ಅವು ಚಂದ್ರ ಕಂಡಾಗ ಮಾತ್ರ ಹೊರಗೆ ಬರುತ್ತವೆ ಎಂದರಂತೆ. ಅಷ್ಟಾದರೂ ಉಳಿಯಿತು. ಓಣಿಯ ಬಾಯಲ್ಲಿ ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರು ಬಂದವರಿಗೆಲ್ಲ ಕುಂಕುಮವಿಟ್ಟು ಕೈಗೆ ಕೆಂಪು ಹಸಿರು ದಾರ ಕಟ್ಟುತ್ತಿದ್ದರು. "ನಾ ಇದ ಓಣ್ಯಾಕೆವ್ವಾ" ಎಂದೆ. "ಇರ್ಲಿ ಬಿಡ್ರಿ ಅಕ್ಕಾರ, ಎಲ್ಲಾರಿಗೂ ಕಟ್ರಿ ಅಂತ ಹೇಳ್ಯಾರ" ಎಂದು ಒಬ್ಬಳು ಕಟ್ಟಿಯೇಬಿಟ್ಟಳು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಕುಣಿತ ಶುರುವಾಯಿತು. ಹೊಸ ರುಮಾಲು ಸುತ್ತಿದ ತಂಡ ಚೆನ್ನಾಗಿಯೇ ಕುಣಿಯಿತು, ಸುಳ್ಳು ಹೇಳಬಾರದು. ಸ್ವಲ್ಪ ಹೊತ್ತಿಗೆ ಪ್ರವಾಸಿಗರನ್ನು ನಡುವೆ ಕರೆದು ಕುಣಿಸಿದರು. ಓಣಿಯವರು ಮಾಳಿಗೆಯ ಮೇಲೆ ನಿಂತು, ಒಂದು ಕಾಲದಲ್ಲಿ ಚಂದ್ರನನ್ನು ಹುಡುಕುತ್ತಿದ್ದ ಜಾಗದಿಂದ, ಕೆಳಗೆ ನೋಡುತ್ತಿದ್ದರು. ನನ್ನ ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ಬಿಳಿಯ ಹೆಂಗಸೊಬ್ಬಳು ಕೂತಿದ್ದಳು, ಸ್ಪೇನ್ ದೇಶದವಳಂತೆ. ಪ್ರವಾಸಿಗರ ಜೊತೆಗಿದ್ದ ಗೈಡ್ ಅವಳ ಮಾತನ್ನು ಕನ್ನಡಕ್ಕೆ ತಂದು ಹೇಳಿದ. ಅವಳ ಊರಿನ ಬೀದಿಯಲ್ಲೂ ಹೀಗೇ ದೊಡ್ಡ ಹಬ್ಬವಂತೆ, ದೇಶ ದೇಶದಿಂದ ಜನ ಬರುತ್ತಾರಂತೆ. ಹಬ್ಬ ಬಂದರೆ ಅವಳು ಮನೆಗೆ ಬೀಗ ಹಾಕಿ ತಂಗಿಯ ಊರಿಗೆ ಹೋಗಿಬಿಡುತ್ತಾಳಂತೆ. ಯಾಕೆ ಎಂದು ಕೇಳಿದೆ. ಅವಳು ಹುಬ್ಬು ಎತ್ತಿ ಇಳಿಸಿ ಏನೋ ಅಂದಳು. "ಸುಸ್ತಾಗತೈತಂತ್ರಿ" ಎಂದ ಗೈಡ್. ಅಷ್ಟು ದೂರದಿಂದ ಬಂದವಳು ನನ್ನ ಮನಸ್ಸಿನ ಮಾತನ್ನೇ ಆಡಿದಳಲ್ಲ ಎಂದು ಅವಳ ಕಡೆ ನೋಡಿ ನಕ್ಕೆ.

ಅಷ್ಟರಲ್ಲಿ ಬಸಲಿಂಗ ಬೆವರು ಒರೆಸಿಕೊಳ್ಳುತ್ತ ಬಂದ. "ಅಕ್ಕಾ, ಸ್ವಲ್ಪ ಬಾ. ಆ ಮುದುಕಿಗೆ ನೀನ ಹೇಳು. ಚೋಂಗಿ ಮಾಡಿ ತೋರ್ಸು ಅಂತ ಲಿಂಗಸುಗೂರಿಂದ ಕರ್ಕೊಂಡು ಬಂದ್ರ, ಬಂದ ಮಂದಿದೆಲ್ಲಾ ದಾರ ಬಿಚ್ಚಾಕತ್ತಾಳ." ಯಾವ ಮುದುಕಿ ಎಂದೆ. "ಬಡಿಮಾ ಅಕ್ಕ. ನೆನಪಿಲ್ಲೇನು? ಹೈದರಾಬಾದಿಂದ ಬಂದು ಬಾಳ ದಿನ ಆತು, ಮೊಮ್ಮಗಳ ಮನ್ಯಾಗ ಅದಾಳ. ಕಿವಿ ಕೇಳ್ಸೂದಿಲ್ಲ, ನೆನಪೂ ಅಷ್ಟಕ್ಕಷ್ಟ." ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು.

ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಿದ್ದಳು. ಎಷ್ಟು ಚಿಕ್ಕವಳಾಗಿಬಿಟ್ಟಿದ್ದಳು! ಕೂದಲು ಪೂರ್ತಿ ಹತ್ತಿ. ಮುಂದೆ ಗ್ಯಾಸಿನ ಒಲೆ, ಹಿಟ್ಟು, ಹೊಸ ಮಣೆ; ಲಟ್ಟಿಸುವ ಕೆಲಸವನ್ನು ಬೇರೆ ಹೆಂಗಸರು ಮಾಡುತ್ತಿದ್ದರು. ಅವಳ ಮಡಿಲಲ್ಲಿ ಬಿಚ್ಚಿದ ದಾರಗಳ ಗುಪ್ಪೆ. ಚೋಂಗೆ ಕೇಳಿ ಕೈ ಚಾಚಿದವರ ಮಣಿಕಟ್ಟು ಹಿಡಿದು ಮೊದಲು ದಾರ ಬಿಚ್ಚುತ್ತಿದ್ದಳು, ಆಮೇಲೆ ಚೋಂಗೆ ಕೊಡುತ್ತಿದ್ದಳು. ಅವರು ಅದೂ ಹಬ್ಬದ ಒಂದು ಭಾಗವೆಂದುಕೊಂಡು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಹೋಗಿ ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಕಿವಿಯ ಹತ್ತಿರ ಬಾಗಿ, "ಬಡಿಮಾ, ನಾನು. ಹುಸೇನಿ" ಎಂದು ಕೂಗಿದೆ. ಅವಳ ಮುಖ ಒಂದು ಕ್ಷಣ ಅರಳಿತು. "ಹೂಂ, ಹುಸೇನಿ. ಆಕಿ ಹೆಸರ ಅದು. ನಿನಗ ಹ್ಯಾಂಗ ಗೊತ್ತವ್ವಾ?" ಎಂದಳು.

ನಾನು ಮತ್ತೆ ಕೂಗಿದೆ. ಅವಳು ತಲೆಯಾಡಿಸಿ ನನ್ನ ಕೈಯನ್ನು ಸೆರಗಿನಿಂದ ಹೊರಗೆ ಎಳೆದುಕೊಂಡಳು. ದಾರ ನೋಡಿದಳು. "ನೋಡು, ನಿನಗೂ ಕಟ್ಟ್ಯಾರ. ಕಟ್ಟೂದೊಂದ ಗೊತ್ತು ಇವರಿಗೆ. ಬಿಚ್ಚಾವ್ರು ಯಾರು? ನಮ್ಮ ಎದುರಿನ ಮನ್ಯಾಗ ಒಂದು ಹುಡುಗಿ ಇತ್ತು. ಅದಕ್ಕ ಕಟ್ಟಿದ್ದು ಹಂಗ ಉಳೀತು. ಚಂದ್ರ ತಪ್ಪಿತು ಅವರಿಗೆ. ದೇವರು ಹ್ವಾದ್ರ ಹೋಗ್ಲಿ, ನಾ ಬಿಚ್ಚಬೇಕಿತ್ತು. ಬೆರಳು ಹಾಕಿದ್ನಿ, ಬಿಚ್ಚಲಿಲ್ಲ." ಇಷ್ಟು ಹೇಳುವಾಗ ಅವಳ ಬೆರಳು ನನ್ನ ಗಂಟಿನ ಮೇಲೆಯೇ ಇತ್ತು. ಓಣಿಯ ಬಾಯಲ್ಲಿದ್ದ ಹುಡುಗಿ ಬಿಗಿಯಾಗಿ ಕಟ್ಟಿದ್ದಳು. ಬಡಿಮಾ ಉಗುರಿನಿಂದ ಕೆದಕಿದಳು, ಬಗ್ಗಿ ಉಳಿದ ಹಲ್ಲಿನಲ್ಲಿ ಕಚ್ಚಿ ಎಳೆದಳು. ಅವಳ ಉಸಿರು ನನ್ನ ಕೈಗೆ ತಾಗಿತು. ಅದೇ ಹೊತ್ತಿಗೆ ವೇದಿಕೆಯ ಮೈಕಿನಲ್ಲಿ ಬಸಲಿಂಗ ಕೂಗತೊಡಗಿದ: ಹುಸೇನಮ್ಮನವರು, ಶ್ರೀಮತಿ ಹುಸೇನಮ್ಮನವರು ವೇದಿಕೆಗೆ ಬರಬೇಕು, ನಮ್ಮ ಅತಿಥಿಗಳು ಕಾಯುತ್ತಿದ್ದಾರೆ. ಇಡೀ ಓಣಿಗೆ ನನ್ನ ಹೆಸರು ಕೇಳಿಸಿತು. ಬಡಿಮಾನೊಬ್ಬಳಿಗೆ ಕೇಳಿಸಲಿಲ್ಲ.

ಗಂಟು ಬಿಚ್ಚಿತು. ದಾರವನ್ನು ಮಡಿಲಿಗೆ ಹಾಕಿಕೊಂಡು, ನನ್ನ ಮಣಿಕಟ್ಟನ್ನು ಒಮ್ಮೆ ಸವರಿ, "ಆತು. ಇನ್ನ ನೀ ನಿಮ್ಮವ್ವನ ಮಗಳು" ಎಂದಳು. ಎಲ್ಲರಿಗೂ ಅವಳು ಅದನ್ನೇ ಹೇಳುತ್ತಿದ್ದಳಂತೆ, ಅವರಿಗೆ ಭಾಷೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು. ಚಂದ್ರನಿರಲಿಲ್ಲ, ಪಂಜಾ ಇರಲಿಲ್ಲ, ಬೆಂಕಿ ಕೂಡ ಬಟ್ಟೆಯದು. ಅಂದು ಕಟ್ಟಿದ ಕೈ ಮಾತ್ರ ಇದೇ ಕೈ. ತಿರುಗಿ ಎಳೆದು ಅಪ್ಪಿಕೊಳ್ಳಬೇಕಾದವಳು ಪಕ್ಕದಲ್ಲಿ ಇರಲಿಲ್ಲ. ನಾನು ಬಡಿಮಾನ ಮೊಣಕಾಲಿಗೆ ಹಣೆ ಹಚ್ಚಿ ಅತ್ತೆ. ಅವಳು ಯಾರೋ ದಣಿದ ಹೆಂಗಸು ಎಂದುಕೊಂಡು ಬೆನ್ನು ತಟ್ಟಿದಳು. ಆಮೇಲೆ ಕುರ್ಚಿಯ ಪಕ್ಕದಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಚೋಂಗೆಯನ್ನು ತೆಗೆದು ನನ್ನ ಕೈಯಲ್ಲಿಟ್ಟಳು. "ಮೊದಲ ಬೆಂದದ್ದು ಇದು, ಆಕಿಗಂತ ಇಟ್ಟಿದ್ನಿ. ಆಕಿ ಹೆಸರು ನಿನಗ ಗೊತ್ತೈತಿ, ಆಕೀನೂ ಗೊತ್ತಿರಬೇಕು. ಸಿಕ್ರ ಕೊಡವ್ವಾ." ಕೊಡುತ್ತೇನೆ ಎಂದು ಗೋಣು ಹಾಕಿದೆ.

ವೇದಿಕೆಗೆ ನಾನು ಹೋಗಲಿಲ್ಲ. ಸಿಂಧನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಟ್ಟೆ ಬಿಡಿಸಿದೆ. ಚೋಂಗೆ ಆರಿತ್ತು, ಬೆಲ್ಲ ಗಟ್ಟಿಯಾಗಿತ್ತು. ಹೊಸ ಮಣೆಯ ಹೂವಿನಲ್ಲಿ ಎಲ್ಲ ಎಸಳುಗಳೂ ಇದ್ದವು. ಬಹಳ ಹೊತ್ತು ಅದನ್ನು ನೋಡುತ್ತ ಕೂತೆ. ಊರು ಹಿಂದೆ ಬಿದ್ದು, ಹೊಲಗಳು ಶುರುವಾದ ಮೇಲೆ, ಒಂದು ಎಸಳನ್ನು ಉಗುರಿನಿಂದ ಮುರಿದು ತೆಗೆದು, ಅವ್ವನಿಗೆಂದು ಕಿಟಕಿಯಿಂದ ಹೊರಗೆ ಬಿಟ್ಟೆ. ಆಗ ಅದು ಬಡಿಮಾನ ಹಳೆಯ ಮಣೆಯದಾಯಿತು. ಉಳಿದದ್ದನ್ನು ತಿಂದೆ.